ಎಡಗಡೆಯ ಬೋಲ್ಟು

ಹೊಸ ಮಂಡಿ ಕೂರಿಸಿದ ಡಾಕ್ಟರು ಹೇಳಿದ್ದು ಇಷ್ಟೇ:
ದಿನಾ ಇಪ್ಪತ್ತು ನಿಮಿಷ ತುಳಿಯಿರಿ, ಎಲ್ಲಿಗೂ ಹೋಗಬೇಕಾಗಿಲ್ಲ.
ಸರಿ, ಮೀನುಪೇಟೆಯವನೊಬ್ಬ ಮಾರಿದ ವ್ಯಾಯಾಮದ ಸೈಕಲ್ಲು
ಲಿಫ್ಟಿನಲ್ಲಿ ಏಳನೆಯ ಮಹಡಿಗೆ ಬಂತು.
ಎರಡು ಚಳಿಗಾಲ ಬಾಲ್ಕನಿಯಲ್ಲೇ ನಿಂತಿತ್ತಂತೆ ಅದು,
ಗ್ದಿನ್ಯಾದ ಕಡಲಗಾಳಿ ಕುಡಿಯುತ್ತ.

ಹತ್ತು ದಿನ ತುಳಿದೆ. ಹನ್ನೊಂದನೆಯ ದಿನ
ಎಡ ಪೆಡಲು ಮಾತಾಡತೊಡಗಿತು: ಕಟಕ್, ಕಟಕ್,
ಕಟ್ಟಿಸಿದ ಹಲ್ಲಿನ ಮುದುಕ ಒಣರೊಟ್ಟಿ ಅಗಿದ ಹಾಗೆ.
ಬೇರಿಂಗು ಬದಲಿಸಬೇಕು. ಅದಕ್ಕೆ ಒಂದು ಬೋಲ್ಟು
ಬಿಚ್ಚಿದರಾಯಿತು, ಎಷ್ಟರ ಕೆಲಸ, ಅಂದುಕೊಂಡೆ.

ಬೋಲ್ಟು ಹಾಗೆ ಅಂದುಕೊಂಡಿರಲಿಲ್ಲ.
ಮೊದಲು ಸ್ಪ್ಯಾನರು. ಆಮೇಲೆ ಸ್ಪ್ಯಾನರಿಗೆ ಕೊಳವೆ ತೊಡಿಸಿ.
ಆಮೇಲೆ ಕೊಳವೆಯ ಮೇಲೆ ನಾನೇ ನಿಂತು,
ಹೊಸ ಮಂಡಿ ಸಮೇತ.
ಜಪ್ಪಯ್ಯ ಅಂದರೂ ಕದಲಲಿಲ್ಲ.
ಒಮ್ಮೆ ಜಾರಿತು. ಇನ್ನೊಮ್ಮೆ ಜಾರಿತು.
ಆರು ಮೂಲೆಯ ತಲೆ
ಹೊಳೆಯಲ್ಲಿ ಉರುಳಿದ ಕಲ್ಲಿನಂತೆ ನುಣ್ಣಗಾಯಿತು.

ಮೂವತ್ತೊಂದು ವರ್ಷ ಟ್ರಾಲಿಬಸ್ಸು ಓಡಿಸಿದವನು ನಾನು.
ತಂತಿ ತಪ್ಪಿದ ಕೋಲನ್ನು ಹಿಮದಲ್ಲಿ ನಿಂತು
ಮತ್ತೆ ತಂತಿಗೆ ಮುಟ್ಟಿಸಿದವನು,
ಒಳಗೆ ನಲವತ್ತು ಜನ ಗಡಿಯಾರ ನೋಡಿಕೊಳ್ಳುತ್ತಿರಲು.
ಅಂಥವನನ್ನು ಹೆಬ್ಬೆರಳ ಗಾತ್ರದ ಕಬ್ಬಿಣ
ದಿಟ್ಟಿಸುತ್ತಿತ್ತು,
ಬೋಳುತಲೆ ಬೋಳುತಲೆಯನ್ನು ನೋಡಿದಂತೆ.

ಸುತ್ತಿಗೆ ತಗೊಂಡೆ. ಭಾನುವಾರ, ಊಟದ ಹೊತ್ತು.
ಕೆಳಮನೆಯಿಂದ ಹೀಟರಿನ ಕೊಳವೆಯ ಮೇಲೆ ಟಣ್ ಟಣ್.
ನಾನು ಒಂದು ಹೊಡೆದರೆ ಕೆಳಗಿನಿಂದ ಎರಡು.
ಆಮೇಲೆ ಕೆಳಗೆ ಸದ್ದಿಲ್ಲ.
ಅದು ಒಳ್ಳೆಯ ಲಕ್ಷಣವಲ್ಲ.

ಬಾಗಿಲಲ್ಲಿ ಹಾಲ್ಷ್ಕಾ. ಕಾಲಲ್ಲಿ ಉಣ್ಣೆಯ ಚಪ್ಪಲಿ,
ಕಂಕುಳಲ್ಲಿ ತಗಡಿನ ಡಬ್ಬಿ.
ನಾನು ಕ್ಷಮೆ ಕೇಳುವುದರೊಳಗೆ ನೆಲಕ್ಕೆ ಕೂತಾಗಿತ್ತು.
ಬೋಲ್ಟಿನ ತಲೆಗೆ ಉಗುರಾಡಿಸಿ ಲೊಚಗುಟ್ಟಿದಳು,
ಕೆಟ್ಟ ಕ್ಷೌರ ಕಂಡವರಂತೆ.
ಹಡಗುಕಟ್ಟೆಯ ಎಂಜಿನ್ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ದುಡಿದವಳು.
ನನಗೆ ಗೊತ್ತೇ ಇರಲಿಲ್ಲ.
ಮೆಟ್ಟಿಲಲ್ಲಿ ಸಿಕ್ಕರೆ "ಚಳಿ", "ಹೌದು ಚಳಿ",
ಹದಿನೆಂಟು ವರ್ಷಕ್ಕೆ ಅಷ್ಟೇ ನಮ್ಮ ಮಾತುಕತೆ.

"ಯಾವ ಕಡೆ ತಿರುಗಿಸಿದಿರಿ?"
"ಎಲ್ಲರೂ ತಿರುಗಿಸುವ ಕಡೆ."
"ಎಡಗಾಲಿನದು ಉಲ್ಟಾ. ಬಿಚ್ಚುತ್ತೇನೆ ಬಿಚ್ಚುತ್ತೇನೆ ಅಂತ
ಬೆಳಗಿನಿಂದ ಬಿಗಿಯುತ್ತಾ ಇದ್ದೀರಿ."

ಬೆಳಗಿನಿಂದ!
ನನ್ನ ಮೈಭಾರವಷ್ಟೂ, ಕೊಳವೆ, ಸುತ್ತಿಗೆ,
ದೇವರ ಜೊತೆಗೆ ದೆವ್ವವನ್ನೂ ಕರೆದ ಬಾಯಿ,
ಎಲ್ಲ ಬೋಲ್ಟಿನ ಪಕ್ಷ ಸೇರಿಕೊಂಡಿದ್ದವು.

ಡಬ್ಬಿಯಿಂದ ಮೂರು ಹನಿ ಎಣ್ಣೆ. "ಇನ್ನು ಚಹಾ," ಅಂದಳು.
ಅವಸರ ಪಟ್ಟವರ ಬೋಲ್ಟಿಗೆ ಎಣ್ಣೆ ಇಳಿಯುವುದಿಲ್ಲವಂತೆ.
ಚಹಾ ಆಯಿತು. ಇನ್ನೊಂದು ಚಹಾ ಆಯಿತು.
ಕೂದಲೊಣಗಿಸುವ ಯಂತ್ರವನ್ನೂ ತಂದಿದ್ದಳು;
ನನ್ನ ಮನೆಯಲ್ಲಿ ಅದಿರದೆಂದು ಬಲ್ಲಳು, ತಲೆ ನೋಡಿಯೇ.
ಬಿಸಿಗಾಳಿಗೆ ಹಳೆಯ ಗ್ರೀಸಿನ ವಾಸನೆ ಎದ್ದಿತು,
ಅವಳ ಮುಖ ಯಾಕೋ ಸ್ವಲ್ಪ ಸಡಿಲವಾಯಿತು.

ಹದಿಮೂರರ ತಲೆಗೆ ಹನ್ನೆರಡರ ಸಾಕೆಟ್ಟು,
ಅದರ ಮೇಲೆ ಮೂರೇ ಪೆಟ್ಟು.
ನನ್ನವುಗಳಂತಲ್ಲ,
ಒಂದರ ಉತ್ತರ ಕೇಳಿಸಿಕೊಂಡು ಮುಂದಿನದನ್ನು ಹೊಡೆದಳು.
ಸವೆದ ಕಬ್ಬಿಣದಲ್ಲಿ ಸಾಕೆಟ್ಟು
ತನಗೆ ಬೇಕಾದ ಮೂಲೆಗಳನ್ನು ತಾನೇ ಕೆತ್ತಿಕೊಂಡಿತು.
ಆಮೇಲೆ ಬಲಕ್ಕೆ. ಬಲಕ್ಕೆ!
ಒಂದು ಕೀರಲು; ಟಪ್ಪೆಂದು ಒಂದು ಸದ್ದು;
ಹೊಸ ಮಂಡಿಯೇ ಹೋಯಿತೇನೋ ಎಂದು
ನಾನು ಮುಟ್ಟಿ ನೋಡಿಕೊಂಡೆ.

ಬೋಲ್ಟು ಅವಳ ಅಂಗೈಯಲ್ಲಿ. ಮರೆಗಳ ತುಂಬ
ಕಿತ್ತಳೆ ಬಣ್ಣದ ಹಿಟ್ಟು.
ಕಿಟಕಿಯಾಚೆ ಸ್ವೀಡನ್ನಿನ ಫೆರಿ ಕೂಗಿತು.
ತಲೆ ಎತ್ತದೆಯೇ ಅಂದಳು:
"ಅದರ ಎಡ ಎಂಜಿನ್ನೂ ಹೀಗೇ, ಭಾರೀ ಹಟ."

ಹೊಸ ಬೇರಿಂಗು ಕೂತಿತು, ಹೊಸ ಬೋಲ್ಟು ಕೂತಿತು.
"ನೋಡೋಣ," ಎಂದು ಹತ್ತಿದಳು.
ಕಟಕ್ ಇಲ್ಲ. ಗಾಲಿ ಗುಂಯ್ ಅನ್ನುತ್ತಿದೆ.
ಒಂದು ಚಪ್ಪಲಿ ಹಾರಿ ಮಂಚದಡಿಗೆ ಹೋಯಿತು,
ನಿಲ್ಲಿಸಲಿಲ್ಲ.
ನಾನು ಕೂದಲೊಣಗಿಸುವ ಯಂತ್ರ ಹಿಡಿದು ನಿಂತೆ.
ಇಪ್ಪತ್ತು ನಿಮಿಷವಾಯಿತು ಅಂದೆ.
ಕೇಳಿಸಲಿಲ್ಲ.
ಕೊಳವೆ ಬಡಿಯೋಣವೆಂದರೆ
ಕೆಳಮನೆಯಲ್ಲಿ ಈಗ ಯಾರೂ ಇಲ್ಲ.